ಎರಡು ರಾಜಧಾನಿಗಳ ನಡುವೆ ರೈಲುದಾರಿ

ಬಹಮನಿ ಸುಲ್ತಾನರು ಮೊದಲು ಕಲಬುರಗಿಯಿಂದ, ಹದಿನೈದನೆಯ ಶತಮಾನದಲ್ಲಿ ಅಹಮದ್ ಷಾನ ಕಾಲದಿಂದ ಬೀದರದಲ್ಲಿ ಆಳಿದರು. ಈ ಎರಡು ಹಳೆಯ ರಾಜಧಾನಿಗಳ ನಡುವೆ ನೇರವಾಗಿ ರೈಲು ಓಡತೊಡಗಿದುದು ಮಾತ್ರ 2017ರಲ್ಲಿ. ಅದುವರೆಗೆ ಭಾಲ್ಕಿಯ ವಿದ್ಯಾರ್ಥಿಯು ರೈಲಿನಲ್ಲಿಯೇ ಕಲಬುರಗಿಯ ವಿಶ್ವವಿದ್ಯಾನಿಲಯವನ್ನು ಸೇರಬೇಕಾದರೆ ನೆರೆರಾಜ್ಯದ ವಿಕಾರಾಬಾದಿಗೆ ಹೋಗಿ, ವಾಡಿಯನ್ನು ಸುತ್ತಿ ಬರಬೇಕಾಗಿತ್ತು.

ತಡಕ್ಕೆ ಹಣಕಾಸಿನ ಕಾರಣಗಳೂ ಉಂಟು. ನಾವಿಲ್ಲಿ ನೆಲದ ಕಾರಣವನ್ನಷ್ಟೇ ನೋಡೋಣ. ದಾರಿ ಸುಮಾರು 110 ಕಿಲೋಮೀಟರ್. ಬೀದರವು ಕಲಬುರಗಿಗಿಂತ ಸುಮಾರು 200 ಮೀಟರ್ ಎತ್ತರದಲ್ಲಿದೆ. ಭಾಗಿಸಿದರೆ, 550 ಮೀಟರಿಗೆ ಒಂದು ಮೀಟರಿನ ಇಳಿತ. ಆದರೆ ಭೂಮಿಗೆ ನಮ್ಮ ಭಾಗಾಕಾರ ತಿಳಿಯದು. ನಡುವೆ ಗುಡ್ಡಗಳು ಅಡ್ಡ ನಿಂತಿವೆ.

ಉಕ್ಕಿನ ಕಂಬಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ತಡೆ ಅತ್ಯಲ್ಪ. ಸಮತಟ್ಟಾದ ನೆಲದಲ್ಲಿ 1000 ಟನ್ ತೂಕದ ರೈಲನ್ನು ಮೆಲ್ಲನೆ ಎಳೆಯಲು ಎರಡು ಮೂರು ಟನ್ನಿನ ಬಲ ಸಾಕು. ನೂರು ಮೀಟರಿಗೆ ಒಂದು ಮೀಟರಿನ ಏರು ಬಂದಿತೆಂದರೆ, ಗುರುತ್ವಾಕರ್ಷಣೆಯೊಂದೇ ಅದನ್ನು 10 ಟನ್ ಬಲದಿಂದ ಹಿಂದಕ್ಕೆ ಜಗ್ಗುತ್ತದೆ. ಕಣ್ಣಿಗೆ ಕಾಣಿಸದಂತಹ ಏರು! ಎಂಜಿನ್ನು ಇನ್ನೂ ಹೆಚ್ಚು ಬಲ ಹಾಕಿದರೆ ನುಣುಪಾದ ಗಾಲಿ ನಿಂತಲ್ಲಿಯೇ ತಿರುಗೀತು. ಬಸ್ಸು ಗುಡ್ಡವನ್ನು ಹತ್ತಬಲ್ಲುದು. ರೈಲು ಅದನ್ನು ಬಳಸಬೇಕು, ಇಲ್ಲವೆ ಕೊರೆಯಬೇಕು. ಮರಗುತ್ತಿಯ ಬಳಿ ಒಂದೂವರೆ ಕಿಲೋಮೀಟರಿಗೂ ಮಿಕ್ಕ ಸುರಂಗವನ್ನು ತೋಡಿದುದು ಇದಕ್ಕಾಗಿಯೇ.

ಬೀದರವನ್ನು ಬಿಟ್ಟ ರೈಲು ಮೊದಲು ಭಾಲ್ಕಿಯ ದಿಕ್ಕಿಗೆ ಸಾಗಿ, ಖಾನಾಪುರದಲ್ಲಿ ಕವಲೊಡೆದು, ಹುಮನಾಬಾದಿನ ಮೇಲೆ ಕಲಬುರಗಿಗೆ ಇಳಿಯುತ್ತದೆ. ಔರಾದಿನವರು ಇಂದಿಗೂ ಬಸ್ಸಿನಲ್ಲಿ ಬೀದರಕ್ಕೋ ಭಾಲ್ಕಿಗೋ ಬಂದು ರೈಲನ್ನು ಹಿಡಿಯಬೇಕು.