ಕಪ್ಪು-ಬಿಳುಪು ನೆಗೆಟಿವ್ ಮೂರು, ಬಣ್ಣದ ಪ್ರಿಂಟ್ ಒಂದು

ಬಣ್ಣದ ಫಿಲ್ಮ್ ಇಲ್ಲದೆಯೂ ಬಣ್ಣದ ಚಿತ್ರ ಮಾಡಬಹುದು. 1861ರಲ್ಲಿ ಲಂಡನ್ನಿನಲ್ಲಿ ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ತೋರಿಸಿದ್ದು ಇದನ್ನೇ. ಒಂದೇ ದೃಶ್ಯವನ್ನು ಕೆಂಪು, ಹಸಿರು, ನೀಲಿ ಫಿಲ್ಟರ್‌ಗಳ ಮೂಲಕ ಮೂರು ಸಲ ಕಪ್ಪು-ಬಿಳುಪಿನಲ್ಲಿ ತೆಗೆಯುವುದು. ಆತ ಮೂರನ್ನೂ ಬೆಳಕಿನಿಂದ ಪರದೆಯ ಮೇಲೆ ಕೂಡಿಸಿದ; ಕಾಗದದ ಮೇಲೆ ಕೂಡಿಸಲು ಹಳೆಯ, ಅಗ್ಗದ ದಾರಿ ಗಮ್ ಬೈಕ್ರೋಮೇಟ್.

ಮೊದಲು ನೆಗೆಟಿವ್. ಎಲ್ಲ ಬಣ್ಣಕ್ಕೂ ಸ್ಪಂದಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮೇ ಬೇಕು. ಕ್ಯಾಮೆರಾ ಟ್ರೈಪಾಡ್ ಮೇಲಿರಲಿ; ವಸ್ತು ಅಲುಗಾಡದಿರಲಿ. ಇದೇ ಮೂರು ಫಿಲ್ಟರ್ ವಿಧಾನ ಬಳಸಿದ ರಷ್ಯಾದ ಛಾಯಾಗ್ರಾಹಕ ಪ್ರೊಕುಡಿನ್-ಗೋರ್ಸ್ಕಿಯ ಚಿತ್ರಗಳಲ್ಲಿ ಹರಿಯುವ ನೀರಿಗೆ ಬಣ್ಣದ ಅಂಚು ಬಂದದ್ದು ಮೂರು ಎಕ್ಸ್‌ಪೋಷರ್‌ಗಳ ನಡುವೆ ಅಲೆ ಸರಿದದ್ದರಿಂದ. ರ‍್ಯಾಟನ್ 25 (ಕೆಂಪು), 58 (ಹಸಿರು), 47 (ನೀಲಿ) ಫಿಲ್ಟರ್‌ಗಳಿಗೆ ಸುಮಾರು 3 ಸ್ಟಾಪ್ ಹೆಚ್ಚು ಬೆಳಕು ಕೊಡಿ. ಮೂಲೆಯಲ್ಲೊಂದು ಬೂದು ಕಾರ್ಡ್ ಇಡಿ. ಮೂರೂ ನೆಗೆಟಿವ್‌ನಲ್ಲಿ ಅದು ಒಂದೇ ಗಾಢತೆಗೆ ಬರಬೇಕು. ನೀಲಿಯ ನೆಗೆಟಿವ್ ಸಪ್ಪೆಯಾಗುವುದು ಸಾಮಾನ್ಯ, ಅದನ್ನು ತುಸು ಹೆಚ್ಚು ಹೊತ್ತು ಡೆವಲಪ್ ಮಾಡಿ.

ಗಮ್ ಪ್ರಿಂಟಿಗೆ ನೆಗೆಟಿವ್ ಚಿತ್ರದಷ್ಟೇ ದೊಡ್ಡದಿರಬೇಕು. ಸಣ್ಣ ಫಿಲ್ಮ್ ಆದರೆ ಸ್ಕ್ಯಾನ್ ಮಾಡಿ ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿಕೊಳ್ಳಿ.

ಹೊಸಬರು ತಡವರಿಸುವುದು ಇಲ್ಲಿ: ಕೆಂಪು ಫಿಲ್ಟರ್‌ನ ನೆಗೆಟಿವ್‌ನಿಂದ ಮುದ್ರಿಸುವುದು ಕೆಂಪನ್ನಲ್ಲ, ಸಯಾನ್ ಬಣ್ಣವನ್ನು. ದೃಶ್ಯದಲ್ಲಿ ಕೆಂಪು ಬೆಳಕು ಇಲ್ಲದ ಕಡೆ ಆ ನೆಗೆಟಿವ್ ತಿಳಿಯಾಗಿರುತ್ತದೆ. ಕಾಗದದಲ್ಲಿ ಕೆಂಪನ್ನು ನುಂಗುವ ಬಣ್ಣ ಕೂರಬೇಕಾದದ್ದೂ ಅಲ್ಲೇ. ಹಾಗೆಯೇ ಹಸಿರಿನದಕ್ಕೆ ಮೆಜೆಂಟಾ, ನೀಲಿಯದಕ್ಕೆ ಹಳದಿ.

ಇನ್ನು ಕಾಗದ. ಇಡೀ ಕೆಲಸ ಕೆಡುವುದು ರಸಾಯನದಿಂದಲ್ಲ, ಕಾಗದ ಕುಗ್ಗುವುದರಿಂದ. ದಪ್ಪ ಜಲವರ್ಣ ಕಾಗದವನ್ನು ಬಿಸಿನೀರಿನಲ್ಲಿ ನೆನೆಸಿ, ಒಣಗಿಸಿ, ಜೆಲಾಟಿನ್ ಬಳಿದು ಗಟ್ಟಿಗೊಳಿಸಿ. ಮೂರೂ ನೆಗೆಟಿವ್‌ಗಳನ್ನು ಒಂದರ ಮೇಲೊಂದು ಹೊಂದಿಸಿ, ಕಾಗದ ಸಮೇತ ಅಂಚಿನಲ್ಲಿ ಸೂಜಿಯಿಂದ ತೂತು ಮಾಡಿ. ಒಂದೊಂದು ಬಣ್ಣವೂ ಒಂದೊಂದು ಪದರ; ಪ್ರತಿ ಪದರಕ್ಕೂ ಅದೇ ಗುರುತು.

ಅರೇಬಿಕ್ ಗೋಂದಿನ ದ್ರಾವಣಕ್ಕೆ ಜಲವರ್ಣ ಬೆರೆಸಿ, ಅಷ್ಟೇ ಪ್ರಮಾಣದ ಡೈಕ್ರೋಮೇಟ್ (ಬೈಕ್ರೋಮೇಟ್ ಎಂದರೂ ಇದೇ) ದ್ರಾವಣ ಸೇರಿಸಿ, ಮಂದ ಬಲ್ಬಿನ ಬೆಳಕಿನಲ್ಲಿ ತೆಳುವಾಗಿ ಬಳಿಯಿರಿ. ಡೈಕ್ರೋಮೇಟ್ ಕ್ಯಾನ್ಸರ್‌ಕಾರಕ ವಿಷ. ಕೈಗವಸು ಕಡ್ಡಾಯ, ಪುಡಿ ಉಸಿರಿಗೆ ಹೋಗಬಾರದು, ಅಡುಗೆ ಪಾತ್ರೆ ಮುಟ್ಟಬಾರದು. ಮಿಕ್ಕ ದ್ರಾವಣವನ್ನು ಚರಂಡಿಗೆ ಚೆಲ್ಲದೆ ಅಪಾಯಕಾರಿ ತ್ಯಾಜ್ಯವಾಗಿ ವಿಲೇವಾರಿ ಮಾಡಿ.

ಒಣಗಿದ ಕೂಡಲೇ ನೆಗೆಟಿವ್ ಇಟ್ಟು, ಗಾಜು ಒತ್ತಿ, ಬಿಸಿಲಿಗೆ ಹಿಡಿಯಿರಿ. ಸೆಖೆ, ತೇವ ಹೆಚ್ಚಿದ್ದರೆ ಲೇಪ ಕತ್ತಲಲ್ಲೂ ತಾನಾಗಿ ಗಟ್ಟಿಯಾಗತೊಡಗುತ್ತದೆ. ಕರಾವಳಿಯವರು ಬಳಿದಿಟ್ಟು ಕಾಯುವಂತಿಲ್ಲ. ಎಷ್ಟು ನಿಮಿಷ ಎಂಬುದನ್ನು ಸಣ್ಣ ಪಟ್ಟಿಗಳಲ್ಲಿ ಪರೀಕ್ಷಿಸಿಯೇ ತಿಳಿಯಬೇಕು.

ಬಳಿಕ ಕಾಗದವನ್ನು ಮುಖ ಕೆಳಗಾಗಿ ತಣ್ಣೀರಿನಲ್ಲಿ ಅರ್ಧ ಗಂಟೆ ತೇಲಿಬಿಡಿ. ಬೆಳಕು ತಾಗದ ಗೋಂದು ಬಣ್ಣ ಸಮೇತ ಕರಗಿಹೋಗುತ್ತದೆ. ಉಜ್ಜಬೇಡಿ. ಪೂರ್ತಿ ಒಣಗಿದ ಮೇಲೆ ಮುಂದಿನ ಬಣ್ಣ. ಹಳದಿಯಿಂದ ಶುರು ಮಾಡಿದರೆ ಒಳಿತೆಂದು ನನ್ನ ಮತ, ಮೇಲಿನ ಪದರಗಳನ್ನು ಹೊಂದಿಸುವಾಗ ಅದರ ತಪ್ಪು ಕಣ್ಣಿಗೆ ಕಡಿಮೆ ಕಾಣುತ್ತದೆ. ಮೂರೂ ಮುಗಿದ ಮೇಲೆ ಬೂದು ಕಾರ್ಡ್ ಹಸಿರಿಗೆ ತಿರುಗಿದ್ದರೆ, ಹಸಿರು ಫಿಲ್ಟರ್‌ನ ನೆಗೆಟಿವ್‌ನಿಂದಲೇ ಮೆಜೆಂಟಾವನ್ನು ತೆಳುವಾಗಿ ಇನ್ನೊಮ್ಮೆ ಹಾಕಿ.