ಮೂವತ್ತೊಂಬತ್ತೂ ಜ್ವರವೇ!



ಹೋದ ತಿಂಗಳು ಒಂದು ರಾತ್ರಿ ನನ್ನ ತಂಗಿಯ ಮೈ ಸುಡುತ್ತಿತ್ತು. ಪಕ್ಕದ ಮನೆಯಿಂದ ಹೊಸ ಥರ್ಮಾಮೀಟರ್ ತಂದು ಅವಳ ಕಂಕುಳಲ್ಲಿಟ್ಟೆ. 39 ತೋರಿಸಿತು. ನೂರು ದಾಟಿದರೆ ಜ್ವರ ಎಂದು ಕೇಳಿದ್ದ ನಾನು, "ಬರೀ ಮೂವತ್ತೊಂಬತ್ತು ಕಣಮ್ಮ, ಏನೂ ಇಲ್ಲ" ಅಂದುಬಿಟ್ಟೆ.

ಅಜ್ಜಿ ಹಣೆ ಮುಟ್ಟಿ ನೋಡಿ, "ಮೈ ಕಾದ ಹೆಂಚಿನಂಗೈತೆ. ನಿನ್ನ ಕಡ್ಡಿ ಸುಳ್ಳು ಹೇಳ್ತೈತೆ. ಮೊದ್ಲು ಆಶಾ ಅಕ್ಕನ್ನ ಕರಿ" ಅಂದರು. ಆಶಾ ಅಕ್ಕ ಬಂದವರೇ, "ಇದು ಸೆಲ್ಸಿಯಸ್ ಕಣೋ! 102 ಜ್ವರ ಇದೆ" ಎಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ತಂಗಿ ಈಗ ಚೆನ್ನಾಗಿದ್ದಾಳೆ. ಕಡ್ಡಿ ಸುಳ್ಳು ಹೇಳಿರಲಿಲ್ಲ. ಅಂಕಿಯ ಪಕ್ಕದಲ್ಲಿದ್ದ 'ಸಿ' ಎಂಬ ಸಣ್ಣ ಇಂಗ್ಲಿಷ್ ಅಕ್ಷರವನ್ನು ನಾನು ನೋಡಿರಲಿಲ್ಲ.

ಉಷ್ಣತೆ ಅಳೆಯಲು ನಾವು ಬಳಸುವ ಮಾಪಕಗಳು ಎರಡು. ಫ್ಯಾರನ್‌ಹೀಟ್ ಎಂಬ ವಿಜ್ಞಾನಿ 1724ರಲ್ಲಿ ಒಂದನ್ನು ಪ್ರಕಟಿಸಿದರು. ಸ್ವೀಡನ್ನಿನ ಸೆಲ್ಸಿಯಸ್ 1742ರಲ್ಲಿ ಇನ್ನೊಂದನ್ನು ಕೊಟ್ಟರು. ತಮಾಷೆ ಏನೆಂದರೆ, ಸೆಲ್ಸಿಯಸ್ ಮೊದಲು ಕುದಿಯುವ ನೀರಿಗೆ 0, ಮಂಜುಗಡ್ಡೆಗೆ 100 ಎಂದಿಟ್ಟಿದ್ದರು! ಆಮೇಲೆ ಅದನ್ನು ತಿರುಗಿಸಲಾಯಿತು. ರೇಡಿಯೊದಲ್ಲಿ ರಾಯಚೂರು 40 ಡಿಗ್ರಿ ಎಂದರೆ ಅದು ಸೆಲ್ಸಿಯಸ್. ಜ್ವರ 102 ಎಂದರೆ ಫ್ಯಾರನ್‌ಹೀಟ್.

ಈಗಿನ ಲೆಕ್ಕ ಹೀಗಿದೆ (ಮೊದಲನೆಯದು ಸೆಲ್ಸಿಯಸ್, ಎರಡನೆಯದು ಫ್ಯಾರನ್‌ಹೀಟ್):

ಮಂಜುಗಡ್ಡೆ ಕರಗುವುದು: 0 – 32
ಆರೋಗ್ಯವಾಗಿರುವವರ ಮೈ: 37 – 98.6
ತಂಗಿಯ ಜ್ವರ: 39 – 102.2
ನೀರು ಕುದಿಯುವುದು: 100 – 212

ಸೆಲ್ಸಿಯಸ್ಸನ್ನು ಬಾಯಿಲೆಕ್ಕದಲ್ಲೇ ಬದಲಾಯಿಸಬಹುದು. ಎರಡರಷ್ಟು ಮಾಡಿ, ಬಂದದ್ದರಲ್ಲಿ ಹತ್ತನೇ ಒಂದು ಭಾಗ ಕಳೆದು, 32 ಕೂಡಿಸಿ. 39ರ ಎರಡರಷ್ಟು 78. ಅದರಲ್ಲಿ 7.8 ಕಳೆದರೆ 70.2. 32 ಕೂಡಿಸಿದರೆ 102.2. ಸರಿಹೋಯಿತಲ್ಲ!

ಬೇರೆ ಅಳತೆಗಳೂ ಹೀಗೆಯೇ. "ನಮಗೆ ಹತ್ತು ಇದೆ" ಎಂದರೆ ಹತ್ತು ಎಕರೆಯೋ, ಹತ್ತು ಗುಂಟೆಯೋ? 40 ಗುಂಟೆ ಸೇರಿದರೆ ಒಂದು ಎಕರೆ. "ರಾಗಿ ಎರಡು ಕೊಡಿ" ಎಂದರೆ ಸೇರೋ, ಕೆ.ಜಿ.ಯೋ? ಮಾನವಿಲ್ಲದ ಅಂಕಿ ಅರ್ಧ ಮಾತು. ಉತ್ತರದಲ್ಲಿ ಮಾನ ಬರೆಯದಿದ್ದರೆ ಮೇಷ್ಟ್ರು ಅರ್ಧ ಅಂಕ ಯಾಕೆ ಕಳೀತಾರೆ ಅಂತ ನನಗೆ ಆ ರಾತ್ರಿ ತಿಳೀತು.

ನಿಮಗೊಂದು ಪ್ರಶ್ನೆ: ಎರಡೂ ಮಾಪಕಗಳು ಒಂದೇ ಅಂಕಿ ತೋರಿಸುವ ಉಷ್ಣತೆ ಯಾವುದು? ಸೊನ್ನೆಗಿಂತ ಕೆಳಗೆ ಹುಡುಕಿ. ಉತ್ತರ ಮುಂದಿನ ಸಂಚಿಕೆಯಲ್ಲಿ.