ನ್ಯೂಟ್ರಾನ್ ಹೇಳಿದ ಗುಟ್ಟು

ತಂತಿಯಲ್ಲಿ ಹರಿಯುವ ವಿದ್ಯುತ್ತಿನ ಒಂದಂಶ ತಡೆಗೆ ಸಿಕ್ಕಿ ಶಾಖವಾಗಿ ವ್ಯರ್ಥವಾಗುತ್ತದೆ. ಕಡುಶೀತದಲ್ಲಿ ಕೆಲವು ವಸ್ತುಗಳ ತಡೆ ಸಂಪೂರ್ಣ ಅಳಿಯುತ್ತದೆ, ಅವೇ ಅತಿವಾಹಕಗಳು. ಬೇರಿಯಮ್ ಬೆರೆತ ಲ್ಯಾಂಥನಮ್-ತಾಮ್ರದ ಆಕ್ಸೈಡು, ಅದುವರೆಗಿನ ಮೇರೆಯನ್ನು ಮೀರಿದ ಉಷ್ಣತೆಯಲ್ಲಿಯೇ ಅತಿವಾಹಕವಾಗುವುದನ್ನು 1986ರಲ್ಲಿ ಬೆಡ್ನೋರ್ಟ್ಸ್ ಮತ್ತು ಮ್ಯೂಲರ್ ಕಂಡುಹಿಡಿದರು.

ಅದರ ಅಂತರಂಗವನ್ನು ಅರಿಯಲು ನೆರವಾದುದು ನ್ಯೂಟ್ರಾನ್. ವಿದ್ಯುದಾವೇಶವಿಲ್ಲದ ಕಾರಣ ಅದು ವಸ್ತುವಿನ ಆಳಕ್ಕಿಳಿಯುತ್ತದೆ; ತಾನೇ ಪುಟ್ಟ ಕಾಂತವಾದುದರಿಂದ ಪರಮಾಣುಗಳ ಕಾಂತತೆಗೆ ತಕ್ಕಂತೆ ಚದರುತ್ತದೆ. ಬೇರಿಯಮ್ ಬೆರೆಸದ ಮೂಲ ಆಕ್ಸೈಡಿನಲ್ಲಿ ನೆರೆಹೊರೆಯ ತಾಮ್ರ ಪರಮಾಣುಗಳ ಕಾಂತಗಳು ವಿರುದ್ಧ ದಿಕ್ಕಿಗೆ ಮುಖಮಾಡಿರುವುದನ್ನು 1987ರ ಪ್ರಯೋಗಗಳು ತೋರಿದವು. ಬೇರಿಯಮ್ ಬೆರೆತಾಗ ಈ ಶಿಸ್ತು ಕದಡಿ ಅತಿವಾಹಕತೆ ಮೂಡುತ್ತದೆ. ಆದರೂ ಕಾಂತಸ್ಪಂದನ ಉಳಿಯುತ್ತದೆ. ಎಲೆಕ್ಟ್ರಾನುಗಳನ್ನು ಜೋಡಿಗೂಡಿಸಿ ತಡೆಯಿಲ್ಲದೆ ಹರಿಸುವುದು ಆ ಸ್ಪಂದನವೇ? ಈ ಒಗಟನ್ನು ಯಾರೂ ಇನ್ನೂ ಪೂರ್ಣವಾಗಿ ಬಿಡಿಸಿಲ್ಲ. ಬಿಡಿಸುವವರು ನೀವೇ ಏಕಾಗಬಾರದು?